ಅಡುಗೆಮನೆಗೆ ಕೇಳುವಷ್ಟು

ಐಲಾ ಹೋಂಕಾ ತಾಯಿಯ ಜೊತೆ ದಾಗ್ಮಾರ್ ಅತ್ತೆಯ ಮನೆಯ ಮೆಟ್ಟಿಲು ಹತ್ತಿದಾಗ ಅವಳಿಗೆ ಹನ್ನೊಂದು ವರ್ಷ. ಔರಾ ನದಿ ಆಗಷ್ಟೇ ಹೆಪ್ಪುಗಟ್ಟಲು ಶುರುಮಾಡಿತ್ತು. ಆಚೆ ದಡದಿಂದ ದೋಣಿಯಲ್ಲಿ ದಾಟುವಾಗ ತೆಳುವಾದ ಮಂಜುಗಡ್ಡೆ ಹಪ್ಪಳದ ಹಾಗೆ ಮುರಿಯುವ ಸದ್ದನ್ನು ಕೇಳುತ್ತಾ ನಿಂತಿದ್ದ ಹುಡುಗಿಯನ್ನು ಅಮ್ಮ ತೋಳು ಹಿಡಿದು ಎಳೆದುಕೊಂಡೇ ಇಳಿಸಬೇಕಾಯಿತು. ಅಪ್ಪನಿಗೆ ಹಡಗು ಕಟ್ಟುವಲ್ಲಿ ಬೆಸುಗೆಯ ಕೆಲಸ, ಅಮ್ಮನಿಗೆ ಬ್ರೆಡ್ಡಿನ ಕಾರ್ಖಾನೆಯಲ್ಲಿ. ಕಾರ್ಮಿಕರ ಸಭಾಭವನದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಪಿಯಾನೋದ ಮೇಲೆ ಈ ಹುಡುಗಿ ರೇಡಿಯೋದಲ್ಲಿ ಕೇಳಿದ್ದನ್ನೆಲ್ಲ ತಾನೇ ಹುಡುಕಿ ನುಡಿಸುತ್ತಾಳೆಂಬ ಮಾತು ಓಣಿಯಿಂದ ಓಣಿಗೆ ಹಬ್ಬಿ, ಕೊನೆಗೆ ದಾಗ್ಮಾರ್ ಅತ್ತೆಯ ಕಿವಿಗೂ ಬಿದ್ದಿತ್ತು. "ಕರಕೊಂಡು ಬನ್ನಿ, ನೋಡೋಣ" ಎಂದು ಅವರೇ ಹೇಳಿ ಕಳಿಸಿದ್ದರು.

ದಾಗ್ಮಾರ್ ಅತ್ತೆ ಯಾರಿಗೂ ಅತ್ತೆಯಲ್ಲ. ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ, ಹಡಗಿನ ಕಪ್ತಾನನಾಗಿದ್ದ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಆದರೂ ತುರ್ಕು ಪಟ್ಟಣದಲ್ಲಿ ಪಿಯಾನೋ ಕಲಿತ ಮಕ್ಕಳೆಲ್ಲ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಯುದ್ಧಕ್ಕೆ ಮೊದಲು ಅವರು ಸ್ಟಾಕ್‌ಹೋಮಿನಲ್ಲಿ, ಬರ್ಲಿನ್ನಿನಲ್ಲಿ ದೊಡ್ಡ ದೊಡ್ಡ ಕಛೇರಿ ಕೊಟ್ಟಿದ್ದವರಂತೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟುಬಿಟ್ಟರಂತೆ. ಬೆರಳು ಮುರಿಯಿತು ಅಂದವರುಂಟು, ಗಂಡ ಬೇಡವೆಂದ ಅಂದವರುಂಟು. ಅವರ ಮುಂದೆ ನಿಂತು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಬಾಗಿಲು ತೆರೆದ ದಾಗ್ಮಾರ್ ಅತ್ತೆ ಎತ್ತರಕ್ಕೆ, ತೆಳ್ಳಗೆ ಇದ್ದರು. ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡಿದ್ದರು.

"ಇವಳೇನಾ?"

"ಹೌದು," ಅಮ್ಮ ಹೇಳಿದಳು. "ಸ್ವಲ್ಪ ನಾಚಿಕೆ ಜಾಸ್ತಿ."

"ಇರಲಿ ಬಿಡಿ. ಪಿಯಾನೋಗೇನು ಮುಖ ತೋರಿಸಬೇಕಾಗಿಲ್ಲ. ಕೋಟು ತೆಗೆದು ಅಲ್ಲಿ ನೇತುಹಾಕು ಹುಡುಗಿ. ನೀವು ಸಂತೆ ಮುಗಿಸ್ಕೊಂಡು ಬನ್ನಿ."

ನದಿಯ ಕಡೆ ಕಿಟಕಿಯಿದ್ದ ಕೋಣೆಯಲ್ಲಿ ದೊಡ್ಡ ಕಪ್ಪು ಪಿಯಾನೋ ಇತ್ತು. ಅದನ್ನು ತೋರಿಸಿ ದಾಗ್ಮಾರ್ ಅತ್ತೆ ಹೊರಟೇಹೋದರು. ಅಲ್ಲಿಂದ ಉದ್ದನೆಯ ನಡುಹಾದಿ; ಹಾದಿಯ ಎರಡೂ ಕಡೆ ಗೂಟಗಳಿಗೆ ನೇತುಬಿದ್ದ ಉಣ್ಣೆ ಕೋಟುಗಳು; ಅದರ ತುದಿಗೆ ಅಡುಗೆಮನೆ. ಐಲಾ ಕೈ ತೊಡೆಯ ಮೇಲಿಟ್ಟುಕೊಂಡು ಕಾದಳು. ದೂರದಲ್ಲಿ ನಲ್ಲಿ ಬಿಟ್ಟ ಸದ್ದು, ನಲ್ಲಿ ನಿಲ್ಲಿಸಿದ ಸದ್ದು.

"ಏನಮ್ಮಾ, ನಿದ್ದೆ ಬಂತಾ? ನುಡಿಸು!"

"ನೀವು... ನೀವು ಬರಲ್ವಾ?"

"ನಾನ್ಯಾಕೆ ಬರಬೇಕು? ಸ್ವರ ಬರಲಿ ಇಲ್ಲಿಗೆ."

ಐಲಾ ತನಗೆ ಬಂದದ್ದನ್ನೆಲ್ಲ ನುಡಿಸಿದಳು. ಮುಗಿದ ಮೇಲೆ ಬಹಳ ಹೊತ್ತು ಆಲೂಗಡ್ಡೆ ಹೆರೆಯುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಏನೂ ಬರಲಿಲ್ಲ ಇಲ್ಲಿಗೆ," ದನಿ ಬಂತು.

ಅವಳು ಇನ್ನೊಮ್ಮೆ, ಜೋರಾಗಿ ನುಡಿಸಿದಳು.

"ಈಗ ಕಿರುಚ್ತಾ ಇದ್ದೀಯ. ಕಿರುಚೋದು ಬೇರೆ, ಕೇಳಿಸೋದು ಬೇರೆ. ಒಂದೇ ಒಂದು ಸ್ವರ ಹಿಡಿ. ಮೆತ್ತಗೆ ಒತ್ತು. ಅದು ತಾನಾಗಿ ನಡಕೊಂಡು ನನ್ನ ಒಲೆ ಹತ್ತಿರ ಬರಬೇಕು."

ಆ ಚಳಿಗಾಲವೆಲ್ಲ ಹೀಗೇ ಕಳೆಯಿತು. ಒಂದು ಸ್ವರ, ಆಮೇಲೆ ಎರಡು, ಆಮೇಲೆ ಎರಡರ ನಡುವಿನ ಮೌನ. ಬೆರಳನ್ನು ಹೇಗಿಡಬೇಕು, ಮಣಿಕಟ್ಟು ಎಷ್ಟು ಎತ್ತರ ಎಂಬ ಮಾತೇ ಅಲ್ಲಿ ಹುಟ್ಟಲಿಲ್ಲ. ಸ್ವರ ಹೊರಟು ಎಲ್ಲಿಯವರೆಗೆ ಹೋಯಿತು ಎಂಬುದೊಂದೇ ಲೆಕ್ಕ. "ನಡುಹಾದಿಯ ಕನ್ನಡಿ ಹತ್ತಿರ ಸತ್ತುಹೋಯ್ತು" ಎನ್ನುತ್ತಿದ್ದರು ಅತ್ತೆ. "ಇದು ಕೋಟುಗಳ ತನಕ ಬಂತು, ಅವು ತಿಂದುಹಾಕಿದ್ವು." ಚಳಿ ಹೆಚ್ಚಾದಂತೆ ಗೂಟಗಳಲ್ಲಿ ಕೋಟುಗಳೂ ಹೆಚ್ಚುತ್ತಿದ್ದವು, ಪಾಠವೂ ಕಷ್ಟವಾಗುತ್ತಿತ್ತು. ಐಲಾ ಒಂದು ಕಷ್ಟವನ್ನು ದಾಟಿದಳೆಂದು ಕಂಡ ದಿನ ಅತ್ತೆ ಬೀರುವಿನಿಂದ ಸತ್ತ ಗಂಡನ ತೋಳದ ಚರ್ಮದ ಕೋಟನ್ನು ಹೊರತೆಗೆದು ನಡುಹಾದಿಯ ನಟ್ಟನಡುವೆ ತೂಗುಹಾಕಿದರು. "ಕಪ್ತಾನರಿಗೆ ಸಂಗೀತ ಅಂದ್ರೆ ಆಗ್ತಿರಲಿಲ್ಲ. ಅವರನ್ನ ದಾಟಿಸಿ ಕಳಿಸು ನೋಡೋಣ."

ಹುಡುಗಿ ಬೆಳೆದಂತೆ ಅಡುಗೆಮನೆಯ ಸದ್ದುಗಳೇ ಅವಳಿಗೆ ಗುರುವಿನ ಮುಖವಾದವು. ಪಾತ್ರೆ ಕುಕ್ಕಿದರೆ ಕೋಪ. ಚಮಚ ಕಲಕುತ್ತಲೇ ಇದ್ದರೆ ಬೇಸರ. ಚಾಕು ನಿಂತಿತೆಂದರೆ ಅತ್ತೆ ಕೇಳಿಸಿಕೊಳ್ಳುತ್ತಿದ್ದಾರೆ. ಹದಿನೈದನೆಯ ವಯಸ್ಸಿನಲ್ಲಿ ಅವಳು ಶೂಬರ್ಟ್ ಎಂಬ ಹಳೆಯ ಸಂಗೀತಗಾರ ಬರೆದ ಕೃತಿಯೊಂದರ ನಿಧಾನಗತಿಯ ಭಾಗವನ್ನು ಮೊದಲಿಂದ ಕೊನೆಯವರೆಗೆ ನುಡಿಸಿದ ಮಧ್ಯಾಹ್ನ, ಕಿಟಕಿಯಾಚೆ ಹಿಮ ಬೀಳುತ್ತಿತ್ತು, ಮನೆಯೊಳಗೆ ಯಾವ ಸದ್ದೂ ಇರಲಿಲ್ಲ. ತಾನು ಪಿಯಾನೋದ ಮುಂದಿದ್ದೇನೋ ಅಥವಾ ಸ್ವರದ ಜೊತೆಗೇ ಕೋಟುಗಳ ನಡುವೆ ನುಸುಳಿಕೊಂಡು ನಡೆಯುತ್ತಿದ್ದೇನೋ ಅವಳಿಗೆ ತಿಳಿಯದೆ ಹೋಯಿತು. ಮುಗಿದು ಎಷ್ಟೋ ಹೊತ್ತಾದ ಮೇಲೆ ಸೀದ ವಾಸನೆ ಬಂತು.

"ನೋಡು ನಿನ್ನಿಂದ!" ಅತ್ತೆ ಕೂಗಿದರು. "ಆಲೂಗಡ್ಡೆ ಎಲ್ಲಾ ಕರಕಲು!"

ಅವರ ಬಾಯಿಂದ ಬಂದ ಹೊಗಳಿಕೆ ಅದೊಂದೇ.

ಮುಂದೆ ಸಂಗೀತ ಕಲಿಯಲು ಹೋದ ಹೆಲ್ಸಿಂಕಿಯಲ್ಲಿ ಎಲ್ಲವೂ ತಿರುಗುಮುರುಗು. ಅಲ್ಲಿನ ಪ್ರೊಫೆಸರರು ಒಳ್ಳೆಯ ಮನುಷ್ಯ. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಕಲಿಸುತ್ತಿದ್ದರು. ಗೋಡೆಗೆ ಕನ್ನಡಿ ಹಾಕಿಸಿದ್ದರು. "ನಿನ್ನ ಕೈ ಎಷ್ಟು ಚೆಂದ ಇದೆ ನೋಡಮ್ಮ," ಅವರು ಹೇಳಿದಾಗ ಐಲಾ ಮೊದಲ ಬಾರಿಗೆ ತನ್ನ ಕೈಗಳನ್ನು ಸರಿಯಾಗಿ ನೋಡಿದಳು. ನಿಜಕ್ಕೂ ಚೆಂದವಿದ್ದವು. ಪ್ರೊಫೆಸರರು ಅವುಗಳಿಗೆ ವೇಗ ಕಲಿಸಿದರು, ದಣಿಯದಿರುವುದನ್ನು ಕಲಿಸಿದರು. ಬೆಳಗಿನಿಂದ ಸಂಜೆಯವರೆಗೆ ಸಾಧನೆ ಮಾಡಿ, ಬೆರಳ ತುದಿ ಮರಗಟ್ಟಿ, ಊಟದ ತಟ್ಟೆಯ ಅಂಚಿನ ಮೇಲೂ ನುಡಿಸುತ್ತಾ ಅವಳು ವರ್ಷಗಳನ್ನು ಕಳೆದಳು. ಹಾಲೆಂಡಿನ ಒಂದು ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಬಂತು. ಬಹುಮಾನದ ಬೆನ್ನಿಗೆ ಒಬ್ಬ ಏಜೆಂಟ್ ಬಂದ. ಪೋಸ್ಟರಿನಲ್ಲಿ ಅವಳ ಮುಖಕ್ಕಿಂತ ದೊಡ್ಡದಾಗಿ ಕೈಗಳ ಚಿತ್ರ ಅಚ್ಚಾಯಿತು.

ಆಮೇಲಿನ ಹತ್ತು ಹನ್ನೆರಡು ವರ್ಷ ಒಂದೇ ಉದ್ದನೆಯ ಪಯಣದಂತೆ ಕಳೆದವು. ರೈಲು, ಹಡಗು, ಹೋಟೆಲಿನ ಬಿಳಿ ಹಾಸಿಗೆ, ಊರಿನ ಹೆಸರು ಬದಲಾದರೂ ಬದಲಾಗದ ಬೆಳಗಿನ ಕಾಫಿ. ಪ್ರತಿ ಊರಲ್ಲೂ ಹೊಸ ಪಿಯಾನೋ. ಒಂದು ಮುಂಗೋಪಿ, ಒಂದು ಸೋಮಾರಿ, ಇನ್ನೊಂದು ಮುಟ್ಟಿದರೆ ಅಳುವಂಥದು. ಸಂಜೆಯೊಳಗೆ ಅದರ ಸ್ನೇಹ ಮಾಡಿಕೊಳ್ಳಬೇಕು, ಬೆಳಗಾದರೆ ಬಿಟ್ಟು ಹೊರಡಬೇಕು. ಮದುವೆಯಾಗಲು ಒಬ್ಬ ಕಾದಿದ್ದ. ಕಾದು ಕಾದು ಬೇರೆಯವಳನ್ನು ಮದುವೆಯಾದ. ಅವಳಿಗೆ ದುಃಖವಾಯಿತು, ಆದರೆ ಆ ದುಃಖವೂ ರೈಲಿನ ಕಿಟಕಿಯಾಚೆಯ ಬರ್ಚ್ ಮರಗಳ ಹಾಗೆ ಹಿಂದೆ ಹಿಂದೆ ಸರಿದುಹೋಯಿತು.

ಕಛೇರಿ ರೇಡಿಯೋದಲ್ಲಿ ಬಂದರೆ ಮರುದಿನ ತುರ್ಕುವಿನಿಂದ ಫೋನು ತಪ್ಪುತ್ತಿರಲಿಲ್ಲ.

"ನಿನ್ನೆ ಬಾಖ್ ನುಡಿಸಿದೆಯಲ್ಲ, ಎಡಗೈ ಯಾಕೆ ಅಷ್ಟು ಗಡಿಬಿಡಿ? ಬಸ್ಸು ಹಿಡಿಯೋದಿತ್ತಾ?"

"ಅತ್ತೆ, ಮುಂದಿನ ತಿಂಗಳು ಹೆಲ್ಸಿಂಕಿಯಲ್ಲೇ ಇದೆ. ಬರ್ತೀರಾ? ಟಿಕೆಟ್ ಕಳಿಸ್ತೀನಿ."

"ನನಗೆ ರೇಡಿಯೋ ಸಾಕು. ಅಡುಗೆಮನೇಲೇ ಇದೆ."

ಪ್ರತಿ ಸಲವೂ ಇದೇ ಉತ್ತರ.

ಗೆಂಟ್ ಎಂಬ ಊರಲ್ಲಿ ಅದು ಆಯಿತು. ಐಲಾ ಅದೇ ಶೂಬರ್ಟನ ಭಾಗವನ್ನು ನುಡಿಸುತ್ತಿದ್ದಳು. ನಡುವೆ ಎಲ್ಲೋ ಕಣ್ಣು ಕೆಳಗೆ ಬಿತ್ತು. ದೀಪದ ಬೆಳಕಿನಲ್ಲಿ ಎರಡು ಕೈಗಳು ಬಿಳಿ ಕೀಗಳ ಮೇಲೆ ಓಡಾಡುತ್ತಿದ್ದವು. ಚೆಂದದ ಕೈಗಳು. ಯಾರ ಕೈಗಳಿವು, ಅವಳು ಯೋಚಿಸಿದಳು. ಎಷ್ಟು ಚೆನ್ನಾಗಿ ಕಲಿತಿವೆ. ತಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೇನೆ ಅನ್ನಿಸಿತು. ಸಂಗೀತ ಮಾತ್ರ ಕೇಳಿಸಲಿಲ್ಲ. ಸರೋವರದ ಮಂಜುಗಡ್ಡೆಯ ಕೆಳಗಿನ ಮೀನುಗಳಂತೆ ಸ್ವರಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಕೈಗಳು ತಮ್ಮಷ್ಟಕ್ಕೆ ಮುಗಿಸಿದವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಯಾರಿಗೂ ಏನೂ ಗೊತ್ತಾಗಲಿಲ್ಲ ಎಂಬುದೇ ಅವಳನ್ನು ಹೆಚ್ಚು ಹೆದರಿಸಿತು.

ಎಡಿನ್‌ಬರೋದಲ್ಲಿ ಮತ್ತೆ ಹಾಗೇ ಆಯಿತು. ಮೂರನೆಯ ಊರಲ್ಲಿ ಅವಳು ವೇದಿಕೆಯ ಪಕ್ಕದ ಕೋಣೆಯಲ್ಲಿ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತುಬಿಟ್ಟಳು. ಜ್ವರ ಎಂದು ಹೇಳಿ ಏಜೆಂಟ್ ಕಛೇರಿ ರದ್ದು ಮಾಡಿದ.

"ಎಷ್ಟು ದಿನ ಬೇಕು ನಿಂಗೆ?" ಅವನು ಕೇಳಿದ.

"ಗೊತ್ತಿಲ್ಲ. ಊರಿಗೆ ಹೋಗ್ತೀನಿ."

ಸ್ಟಾಕ್‌ಹೋಮಿನಿಂದ ಬರುವ ಹಡಗು ಬೆಳಗಿನ ಹೊತ್ತು ದ್ವೀಪಗಳ ನಡುವೆ ತೆವಳುತ್ತಾ ಸಾಗುತ್ತದೆ. ಐಲಾ ಡೆಕ್ಕಿನ ಮೇಲೆ ಕಂಬಳಿ ಹೊದ್ದು ನಿಂತಿದ್ದಳು. ಏಪ್ರಿಲ್ ತಿಂಗಳು, ಮಂಜು ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಮಂಜಿನೊಳಗಿಂದ ಒಂದು ಬಂಡೆ, ಒಂದು ಕೆಂಪು ದೋಣಿಮನೆ, ಬಟ್ಟೆ ಒಣಹಾಕುತ್ತಿದ್ದ ಒಬ್ಬ ಹೆಂಗಸು ಮೂಡಿ ಮತ್ತೆ ಕರಗಿಹೋದರು. ನಾನು ಇಷ್ಟು ವರ್ಷ ನೋಡಿದ ಊರುಗಳೆಲ್ಲ ಹೀಗೇ ಇದ್ದವಲ್ಲ ಎಂದುಕೊಂಡಳು. ಎಲ್ಲಿಯೂ ಇಳಿದ ಹಾಗೇ ಅನ್ನಿಸಲಿಲ್ಲ ಅವಳಿಗೆ.

ದಾಗ್ಮಾರ್ ಅತ್ತೆಗೆ ಎಂಬತ್ತು ದಾಟಿತ್ತು. ಸ್ವಲ್ಪ ಬಾಗಿದ್ದರು, ಏಪ್ರನ್ ಮಾತ್ರ ಹಾಗೇ ಇತ್ತು. ಅವಳನ್ನು ಮೇಲಿಂದ ಕೆಳಗೆ ನೋಡಿ, "ಜ್ವರ ಅಂತ ಪೇಪರಲ್ಲಿ ಹಾಕಿದಾರೆ. ಸುಳ್ಳು ಅಲ್ವಾ? ಬಾ ಒಳಗೆ," ಎಂದರು.

ಅಡುಗೆಮನೆಯ ಮೇಜಿನ ಮುಂದೆ ಕಾಫಿ, ಏಲಕ್ಕಿಯ ಬನ್ನು ಇಟ್ಟುಕೊಂಡು ಐಲಾ ಎಲ್ಲವನ್ನೂ ಹೇಳಿದಳು. ಅತ್ತೆ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಲೋಟ ಕೆಳಗಿಟ್ಟರು.

"ನಿನಗೂ ಬಂತಾ ಅದು."

"ನಿನಗೂ ಅಂದ್ರೆ?"

"ಲೈಪ್‌ಜಿಗ್‌ನಲ್ಲಿ ನನಗೆ ಆಗಿದ್ದು ಇದೇ. ಮೂವತ್ತನಾಲ್ಕು ವಯಸ್ಸು ಆಗ. ಕೈ ಕಾಣಿಸ್ತು, ಕಿವಿ ಮುಚ್ಚಿಹೋಯ್ತು. ಬೆರಳೂ ಮುರಿದಿಲ್ಲ, ಕಪ್ತಾನರೂ ಬೇಡ ಅಂದಿಲ್ಲ. ಪಾಪ, ಸಂಗೀತ ಅಂದ್ರೆ ಆಗದಿದ್ರೂ ಅವರೇ ನುಡಿಸು ನುಡಿಸು ಅಂತ ಗೋಗರೆದ್ರು." ಅತ್ತೆ ಮೇಜಿನ ಮೇಲಿನ ಬನ್ನಿನ ಪುಡಿಯನ್ನು ಬೆರಳಿಂದ ಒಟ್ಟುಮಾಡಿದರು. "ನಾನು ಅವತ್ತು ಓಡಿಬಂದು ಈ ಅಡುಗೆಮನೆ ಸೇರ್ಕೊಂಡೆ. ಯಾರ ಕೈಯನ್ನೂ ನೋಡೋಕಾಗಲಿಲ್ಲ ಆಮೇಲೆ, ಮಕ್ಕಳದ್ದೂ."

ಐಲಾ ಬನ್ನಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ನಾನದನ್ನ ಪಾಠ ಅಂದ್ಕೊಂಡಿದ್ದೆ! ಸ್ವರ ದೂರ ಹೋಗ್ಬೇಕು ಅಂತ ನೀವು ಬೇಕು ಬೇಕಂತಲೇ..."

"ಪಾಠ ಆಯ್ತಲ್ಲ ಅದು? ಆದ್ರೆ ಶುರುವಾಗಿದ್ದು ಹೆದರಿಕೆಯಿಂದ."

"ಹೆದರಿಕೊಂಡು ನನ್ನ ಒಂದೇ ಒಂದು ಕಛೇರಿಗೂ ಬರಲಿಲ್ಲ ನೀವು. ಒಂದಕ್ಕೂ! ಪ್ರತಿ ಸಲ ಜನರ ಕಡೆ ತಿರುಗಿ ಬಗ್ಗಿದಾಗ ಹುಡುಕ್ತಿದ್ದೆ ನಾನು, ಗೊತ್ತಾ? ಫೋನಲ್ಲಿ ಮಾತ್ರ ಎಡಗೈ ಹಾಗೆ, ಬಲಗೈ ಹೀಗೆ!"

ಅವಳು ಅತ್ತೆಯ ಎದುರು ದನಿಯೆತ್ತಿದ್ದು ಅದೇ ಮೊದಲು. ಹೊರಗೆ ನದೀದಡದ ಮರಗಳಲ್ಲಿ ಕಾಗೆಗಳು ಗಲಾಟೆ ಮಾಡುತ್ತಿದ್ದವು. ಅತ್ತೆ ಎದ್ದು ಕಿಟಕಿ ಮುಚ್ಚಿ ಬಂದು ಕೂತರು. ಅವರ ಮುಖ ಬಹಳ ವಯಸ್ಸಾದಂತೆ ಕಂಡಿತು.

"ಬರಬೇಕಿತ್ತು," ಎಂದರು. "ಇನ್ನೇನು ಹೇಳ್ಲಿ? ಬರಬೇಕಿತ್ತು."

ಕಾಫಿ ಆರಿತು. ಬುಟ್ಟಿಯಲ್ಲಿ ಮಧ್ಯಾಹ್ನದ ಆಲೂಗಡ್ಡೆಗಳಿದ್ದವು. ಐಲಾ ಸುಮ್ಮನಿರಲಾರದೆ ಒಂದನ್ನು ತೆಗೆದುಕೊಂಡು ಹೆರೆಯತೊಡಗಿದಳು. ಏಜೆಂಟ್ ಕಂಡಿದ್ದರೆ ಕೂಗಿಕೊಳ್ಳುತ್ತಿದ್ದ. ಚಾಕು ಮುಟ್ಟಬಾರದ ಬೆರಳುಗಳು ಅವು. ಹೆರೆಯುತ್ತಾ ತಲೆ ಎತ್ತದೆ ಹೇಳಿದಳು:

"ಹೋಗಿ ನುಡಿಸಿ ಅತ್ತೆ. ನಾನು ಇಲ್ಲೇ ಇರ್ತೀನಿ."

"ಹುಚ್ಚು ಹಿಡಿದಿದೆಯಾ ನಿಂಗೆ? ಕೀಲು ಹಿಡಿದಿರೋ ಬೆರಳು ಇವು."

"ನಂಗೇನು ಕಾಣಿಸುತ್ತೆ? ಸ್ವರ ಬರಲಿ ಇಲ್ಲಿಗೆ."

ಅತ್ತೆ ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ನಗು ಬಂತು ಅವರಿಗೆ. ನಗುತ್ತಲೇ ಎದ್ದರು, ನಡುಹಾದಿಯಲ್ಲಿ ಒಂದೆರಡು ಸಲ ನಿಂತರು, ಪಿಯಾನೋದ ಮುಂದಿನ ಕುರ್ಚಿ ಕಿರ್ ಎಂದಿತು.

ಆಮೇಲೆ ಒಂದು ಸ್ವರ ಬಂತು.

ಐಲಾ ಚಾಕು ನಿಲ್ಲಿಸಿದಳು. ಬಂದದ್ದು ಶೂಬರ್ಟ್ ಹೌದು, ಆದರೆ ಅರ್ಧ ಸ್ವರಗಳೇ ಇರಲಿಲ್ಲ. ಬೆರಳು ತಲುಪದ ಕಡೆ ಬಿಟ್ಟುಹೋಗುತ್ತಿತ್ತು, ಎಡಗೈ ಎಡವುತ್ತಿತ್ತು, ಒಂದು ಕಡೆ ದಾರಿ ತಪ್ಪಿ ಅದೇ ತಿರುವಿಗೆ ಮತ್ತೆ ಬಂತು. ಉಳಿದ ಸ್ವರಗಳು ಮಾತ್ರ ಕೋಟುಗಳನ್ನು ಮೆಲ್ಲಗೆ ಸರಿಸಿಕೊಂಡು ಒಂದೊಂದೇ ಒಳಗೆ ಬಂದು ಒಲೆಯ ಸುತ್ತ ನಿಂತವು. ಅವುಗಳಿಗೆ ಬೆರಳಿರಲಿಲ್ಲ, ವಯಸ್ಸಿರಲಿಲ್ಲ. ನುಡಿಸುವವರು ಹೆದರಿದ್ದಾರೋ ಧೈರ್ಯದಿಂದಿದ್ದಾರೋ ಇಲ್ಲಿಂದ ತಿಳಿಯುತ್ತಿರಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಇಷ್ಟು ವರ್ಷ ಇವರಿಗೆ ನಾನು ಹೀಗೆ ಕೇಳಿಸುತ್ತಿದ್ದೆನೇ ಎಂದುಕೊಂಡಾಗ ಅವಳ ಕಣ್ಣು ತುಂಬಿತು. ತಾನು ಎಲ್ಲಿದ್ದೇನೆ, ಯಾವ ವಯಸ್ಸಿನವಳು ಎಂಬುದೆಲ್ಲ ಮಸುಕಾಗಿ, ಆ ಬೆಚ್ಚಗಿನ ಕೋಣೆಯಲ್ಲಿ ಕೇಳುವುದು ಒಂದೇ ಉಳಿಯಿತು.

ಕೆಳಮನೆಯ ನುರ್ಮಿಯವರು ಚಾವಣಿಗೆ ಪೊರಕೆ ಕೋಲಿನಿಂದ ಕುಟ್ಟಿದಾಗಲೇ ಅದು ನಿಂತದ್ದು.

"ಎಂಥಾ ಮಕ್ಕಳಿಗೆ ಪಾಠ ಹೇಳ್ತೀರಿ ನೀವು?" ಕೆಳಗಿನಿಂದ ಗಂಡಸಿನ ದನಿ ಕೇಳಿತು. "ಒಂದೂ ಸರಿಯಾಗಿ ಬರಲ್ಲ ಅದಕ್ಕೆ!"

"ಹೊಸ ಮಗು!" ಅತ್ತೆ ಕೂಗಿ ಹೇಳಿದರು. "ಸ್ವಲ್ಪ ಸಹಿಸ್ಕೊಳಿ!"

ಐಲಾ ಆ ವಸಂತವನ್ನೆಲ್ಲ ತುರ್ಕುವಿನಲ್ಲೇ ಕಳೆದಳು. ಬೆಳಿಗ್ಗೆ ಅತ್ತೆ ನುಡಿಸುವರು, ಅವಳು ಅಡುಗೆ ಮಾಡುವಳು. ಮಧ್ಯಾಹ್ನದ ಮೇಲೆ ಜಾಗ ಬದಲು. ಹೆರಿಂಗ್ ಮೀನಿಗೆ ಸಬ್ಬಸಿಗೆ ಹೆಚ್ಚಾಯಿತೆಂದು ಒಂದು ದಿನ ಇಬ್ಬರಿಗೂ ಜೋರು ಜಗಳವಾಯಿತು. ಕೈಗಳ ವಿಷಯ ಮಾತ್ರ ಅವರು ಮತ್ತೆ ಎತ್ತಲಿಲ್ಲ. ನುಡಿಸುವಾಗ ಅವು ಆಗೀಗ ಅಪರಿಚಿತವಾಗಿ ಕಾಣುತ್ತಲೇ ಇದ್ದವು. ಆಗೆಲ್ಲ ಐಲಾ ಅವುಗಳ ಜೊತೆ ಗುದ್ದಾಡದೆ, ಸ್ವರ ಎಲ್ಲಿಯವರೆಗೆ ಹೋಯಿತೆಂದು ಗಮನವನ್ನು ಅದರ ಬೆನ್ನಿಗೆ ಕಳಿಸುತ್ತಿದ್ದಳು. ಕೆಲವು ದಿನ ಅದು ಸಾಕಾಗುತ್ತಿತ್ತು. ಕೆಲವು ದಿನ ಸಾಕಾಗುತ್ತಿರಲಿಲ್ಲ. ಎದ್ದು ನದಿಯ ಕಡೆ ನಡೆದು ಬರುತ್ತಿದ್ದಳು.

ಜೂನ್ ಮೊದಲ ವಾರ ಊರಿನ ಸಂಗೀತ ಭವನದಲ್ಲಿ ಅವಳ ಕಾರ್ಯಕ್ರಮ ನಿಗದಿಯಾಯಿತು. ಅತ್ತೆಯನ್ನು ಅವಳು ಕರೆಯಲಿಲ್ಲ. ಕರೆದರೆ ಮತ್ತೆ ರೇಡಿಯೋದ ಮಾತು ಬಂದೀತೆಂಬ ಅಳುಕು. ಅತ್ತೆ ತಾವೇ ಟಿಕೆಟ್ ಕೊಂಡರು. ಬಲಗಡೆಯ ಮೂಲೆ, ಮೂರನೆಯ ಸಾಲು.

"ಅಲ್ಲಿಂದ ಕೈ ಕಾಣಿಸಲ್ಲ ಮೇಡಂ," ಟಿಕೆಟ್ ಕೊಡುವ ಹುಡುಗಿ ಎಚ್ಚರಿಸಿದಳಂತೆ. "ಎಲ್ಲರೂ ಎಡಗಡೇನೇ ಕೇಳ್ತಾರೆ."

"ಅದಕ್ಕೇ ಬಲಗಡೆ ಕೇಳಿದ್ದು," ಅಂದರಂತೆ ಅತ್ತೆ.

ಐಲಾ ವೇದಿಕೆಗೆ ಬಂದು ಬಗ್ಗಿದಾಗ ಅವರು ಕಂಡರು. ಕಪ್ಪು ರೇಷ್ಮೆಯ ಹಳೆಯ ಉಡುಪು, ಕುತ್ತಿಗೆಯವರೆಗೆ ಗುಂಡಿ, ಬೆನ್ನು ನೆಟ್ಟಗೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಐಲಾ ಕುರ್ಚಿ ಸರಿಮಾಡಿಕೊಂಡಳು. ಕೂತಳು, ಶುರುಮಾಡಿದಳು. ಉದ್ದ ಕಿಟಕಿಗಳಿಂದ ಸಂಜೆಯ ಬಿಸಿಲು ಬಂದು ಜನರ ತಲೆಗಳ ಮೇಲೆ ಮಲಗಿತ್ತು. ಶೂಬರ್ಟ್ ಬಂದಾಗ ಕೈಗಳು ದೂರವಾದವು, ಅವಳಿಗೆ ಗೊತ್ತಿತ್ತು ದೂರವಾಗುತ್ತವೆಂದು. ದೂರದ ಊರಿನಿಂದ ಬಂದ ಇಬ್ಬರು ನೆಂಟರಂತೆ ಅವು ತಮ್ಮ ಪಾಡಿಗೆ ಓಡಾಡಿಕೊಂಡಿದ್ದವು. ಇರಲಿ, ಅಂದುಕೊಂಡಳು. ಒಂದು ಸ್ವರವನ್ನು ಬಲಗಡೆಯ ಮೂಲೆಗೆ ಕಳಿಸಿದಳು. ಅದರ ಹಿಂದೆ ಇನ್ನೊಂದು. ಮೊದಲು ಎದೆಬಡಿತ ಕೇಳಿಸಿತು, ಆಮೇಲೆ ಬಹಳ ಮೆಲ್ಲಗೆ, ಯಾರೋ ಬಾಗಿಲು ತೆರೆದ ಹಾಗೆ, ಸಂಗೀತ ಕೇಳಿಸಿತು. ಒಂದು ಕಡೆ ಸ್ವರ ತಪ್ಪಿತು. ತಪ್ಪಿದ್ದೂ ಕಿವಿಗೆ ಬಿತ್ತಲ್ಲ ಎಂದು ಅವಳಿಗೆ ಸಂತೋಷವಾಯಿತು.

ತಲೆ ಎತ್ತಿದಾಗ ಅತ್ತೆಯ ಕಣ್ಣು ತೆರೆದಿತ್ತು. ಅವರು ಅವಳ ಮುಖವನ್ನೇ ನೋಡುತ್ತಿದ್ದರು.

ಮುಗಿದ ಮೇಲೆ ಹೂವು, ಜನ, ಕೈಕುಲುಕುವುದು. ಎಲ್ಲರೂ ಹೋದ ಮೇಲೆ ಅತ್ತೆ ನಿಧಾನಕ್ಕೆ ಕೋಲೂರಿಕೊಂಡು ಬಂದರು.

"ನುಡಿಸುವಾಗ ನಾಲಿಗೆ ಹೊರಗೆ ಹಾಕ್ತೀಯಲ್ಲೇ! ಇಷ್ಟು ವರ್ಷದಲ್ಲಿ ಯಾರೂ ಹೇಳಿಲ್ವಾ?"

"ಇಲ್ಲ!" ಐಲಾ ಬಾಯಿಗೆ ಕೈ ಅಡ್ಡ ಹಿಡಿದಳು. "ನಿಜವಾಗ್ಲೂ?"

"ಬೆಕ್ಕು ಹಾಲು ಕುಡಿದ ಹಾಗೆ. ಮೊದಲೇ ಗೊತ್ತಿದ್ರೆ ಯಾವತ್ತೋ ಬರ್ತಿದ್ದೆ, ನೋಡೋಕೆ."

ಆಮೇಲೂ ಐಲಾ ಊರೂರು ಸುತ್ತಿದಳು, ಆದರೆ ಮೊದಲಿನಷ್ಟಲ್ಲ. ಏಜೆಂಟ್ ಗೊಣಗಿದ, ಒಂದೆರಡು ದೊಡ್ಡ ಭವನಗಳು ಅವಳನ್ನು ಮರೆತವು. ಪ್ರತಿ ಕಛೇರಿಯೂ ಚೆನ್ನಾಗಿ ಆಯಿತೆಂದೇನಿಲ್ಲ. ಹೋದ ಊರಲ್ಲಿ ಮರುದಿನವೂ ಉಳಿದು, ಸಂತೆಯಲ್ಲಿ ಅಲೆದು, ಯಾರದೋ ಮನೆಯಲ್ಲಿ ಸೂಪು ಕುಡಿದು ಬರುವುದನ್ನು ಅವಳು ಕಲಿತಳು. ಚಳಿಗಾಲಕ್ಕೆ ತುರ್ಕುವಿಗೆ ಬಂದು ಮಕ್ಕಳಿಗೆ ಹೇಳಿಕೊಟ್ಟಳು, ಪಿಯಾನೋದ ಪಕ್ಕದಲ್ಲೇ ಕೂತು.

ಆ ಜೂನಿನ ಕಛೇರಿಯ ಮರುದಿನ ಇಬ್ಬರೂ ನದೀದಡಕ್ಕೆ ಹೋಗಿದ್ದರು. ಲಿಂಡನ್ ಮರಗಳು ಎಳೆ ಎಲೆ ಬಿಟ್ಟಿದ್ದವು. ಬೆಂಚಿನ ಮೇಲೆ ಹಸಿರು ನೆರಳು ಅಲ್ಲಾಡುತ್ತಿತ್ತು. ಅತ್ತೆ ಐಸ್‌ಕ್ರೀಮ್ ತಿಂದು, ಕೈ ಒರೆಸಿಕೊಂಡು, ಮುಂದಿನ ವರ್ಷಕ್ಕೆ ಯಾವುದನ್ನು ನುಡಿಸಬೇಕು, ಯಾವುದಕ್ಕೆ ಅವಳಿಗಿನ್ನೂ ಬುದ್ಧಿ ಬಲಿತಿಲ್ಲ ಎಂದು ವಿವರಿಸತೊಡಗಿದರು. ಹೇಳುತ್ತಾ ಹೇಳುತ್ತಾ, ವಾಕ್ಯದ ನಡುವೆಯೇ, ನಿದ್ದೆಹೋದರು. ತಲೆ ಮೆಲ್ಲಗೆ ಐಲಾಳ ಹೆಗಲಿಗೆ ಒರಗಿತು. ನದಿಯಲ್ಲಿ ಒಂದು ದೋಣಿ ಹೋಯಿತು. ಐಲಾಳಿಗೆ ಕಾಲು ಜೋಮು ಹಿಡಿದಿತ್ತು, ಆದರೂ ಅಲುಗಾಡದೆ ಕೂತಿದ್ದಳು.